ಸುಡದ ಕಲ್ಲಿದ್ದಲಿಗೆ ಬಿಲ್ಲು

ಜೇಮ್ಸ್ ವಾಟ್ ಅಂದ ಕೂಡಲೇ ನಮ್ಮ ತಲೆಮಾರಿನವರಿಗೆ ನೆನಪಾಗುವುದು ಪ್ರೈಮರಿ ಶಾಲೆಯ ಪಾಠ. ಒಲೆಯ ಮೇಲೆ ಕುದಿಯುವ ಕೆಟಲು, ಕುಣಿಯುವ ಮುಚ್ಚಳ, ಗಲ್ಲಕ್ಕೆ ಕೈಕೊಟ್ಟು ನೋಡುತ್ತಾ ಕುಳಿತ ಹುಡುಗ... ಕೆಟಲಿನ ಕತೆ ಇರಲಿ ಬಿಡಿ. ಸಾಲದ ಫೈಲುಗಳ ನಡುವೆ ಮೂವತ್ತು ವರ್ಷ ಕಳೆದ ನನಗೆ ಈ ಮನುಷ್ಯನ ಬಗ್ಗೆ ಕುತೂಹಲ ಹುಟ್ಟಿಸಿದ್ದು ಅವನು ಗಿರಾಕಿಗಳಿಗೆ ಕಳಿಸುತ್ತಿದ್ದ ಬಿಲ್ಲು. ಅದು ಯಂತ್ರದ ಬೆಲೆಯ ಬಿಲ್ಲಲ್ಲ, ಸುಟ್ಟ ಕಲ್ಲಿದ್ದಲಿನ ಬಿಲ್ಲೂ ಅಲ್ಲ. ಸುಡದೇ ಉಳಿದ ಕಲ್ಲಿದ್ದಲಿನ ಬಿಲ್ಲು!

ಇವತ್ತು ಇದೇ ವ್ಯಾಪಾರ ಮಾಡುವವರನ್ನು ಎಸ್ಕೋ ಅನ್ನುತ್ತಾರೆ. ಒಂದು ದೊಡ್ಡ ಆಫೀಸು ಕಟ್ಟಡವೋ ಆಸ್ಪತ್ರೆಯೋ ಹೋಟೆಲೋ ತಿಂಗಳಿಗೆ 10 ಲಕ್ಷ ರೂಪಾಯಿ ಕರೆಂಟು ಬಿಲ್ಲು ಕಟ್ಟುತ್ತಿದೆ ಅನ್ನಿ. ಎಸ್ಕೋದವರು ಬಂದು ಹಳೆಯ ಚಿಲ್ಲರ್, ಪಂಪು, ದೀಪ ಎಲ್ಲ ಬದಲಾಯಿಸಿ ಬಿಲ್ಲನ್ನು 7 ಲಕ್ಷಕ್ಕೆ ಇಳಿಸುತ್ತಾರೆ. ಉಳಿದ 3 ಲಕ್ಷದಲ್ಲಿ ಬ್ಯಾಂಕಿನ ಕಂತು, ಅವರ ಲಾಭ, ಮಾಲೀಕನಿಗೂ ಒಂದು ಪಾಲು. ಕೇಳಲು ಎಷ್ಟು ಚೆಂದ! ಹಾಗಿದ್ದರೆ ನಮ್ಮ ಊರಿನ ಎಲ್ಲ ಕಟ್ಟಡಗಳೂ ಇಷ್ಟು ಹೊತ್ತಿಗೆ ಹಾಗೆ ಆಗಿರಬೇಕಿತ್ತಲ್ಲ, ಯಾಕಾಗಿಲ್ಲ? ನಾನು ಬಿ.ಕಾಂ. ಓದಿದವನು, ಯಂತ್ರದ ಒಳಗಿನ ವಿಚಾರ ನನಗೆ ಅಷ್ಟಕ್ಕಷ್ಟೆ. ಆದರೆ ಈ ಪ್ರಶ್ನೆಯ ಉತ್ತರ ಯಂತ್ರದಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ಅದಕ್ಕೇ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ವಾಟ್‌ಗಿಂತ ಮೊದಲೇ ಉಗಿಯಂತ್ರ ಇತ್ತು. ಥಾಮಸ್ ನ್ಯೂಕಮನ್ 1712ರಲ್ಲೇ ಗಣಿಯ ನೀರೆತ್ತುವ ಯಂತ್ರ ನಿಲ್ಲಿಸಿದ್ದ. ಆದರೆ ಅದು ಕಲ್ಲಿದ್ದಲು ತಿನ್ನುವ ಬಕಾಸುರ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಅದರ ಒಂದು ಮಾದರಿಯನ್ನು ರಿಪೇರಿ ಮಾಡಲು ಕುಳಿತ ವಾಟ್‌ಗೆ 1765ರಲ್ಲಿ ಉಪಾಯ ಹೊಳೆಯಿತು: ಉಗಿಯನ್ನು ತಣಿಸುವ ಕೆಲಸ ಬೇರೆ ಪಾತ್ರೆಯಲ್ಲಾದರೆ ಸಿಲಿಂಡರು ಪ್ರತಿ ಸಲ ತಣ್ಣಗಾಗಿ ಮತ್ತೆ ಕಾಯಬೇಕಿಲ್ಲ. 1769ರಲ್ಲಿ ಪೇಟೆಂಟ್ ಸಿಕ್ಕಿತು. ದುಡ್ಡು ಹಾಕಿದ್ದ ಪಾಲುದಾರ ಜಾನ್ ರೋಬಕ್ 1773ರಲ್ಲಿ ದಿವಾಳಿಯಾದ. ಇಲ್ಲಿ ನನ್ನಂಥವರು ಒಂದು ನಿಮಿಷ ನಿಲ್ಲಬೇಕು. ಸಾಲಗಾರರೆಲ್ಲ ಕೂತು ರೋಬಕ್‌ನ ಆಸ್ತಿಗೆ ಬೆಲೆ ಕಟ್ಟುವಾಗ, ಆ ಪೇಟೆಂಟಿನ ಪಾಲಿಗೆ ಮೂರು ಕಾಸಿನ ಬೆಲೆಯನ್ನೂ ಕಟ್ಟಲಿಲ್ಲ. ಬರ್ಮಿಂಗ್‌ಹ್ಯಾಮ್‌ನ ಮ್ಯಾಥ್ಯೂ ಬೌಲ್ಟನ್‌ಗೆ ರೋಬಕ್‌ನಿಂದ 1200 ಪೌಂಡು ಬರಬೇಕಿತ್ತು. ಅವನು ಆ ಬಾಕಿಗೆ ಬದಲಾಗಿ ಪೇಟೆಂಟಿನ ಪಾಲನ್ನೇ ತೆಗೆದುಕೊಂಡ. ಜಗತ್ತನ್ನೇ ಬದಲಾಯಿಸಿದ ಯಂತ್ರ ಸಾಲ ವಸೂಲಿಯಲ್ಲಿ ಕೈಬದಲಾಯಿತು ನೋಡಿ. ಉಳಿದ ಸಾಲಗಾರರನ್ನು ನಾನು ಬೈಯುವುದಿಲ್ಲ, ಅವರ ಜಾಗದಲ್ಲಿ ನಮ್ಮ ಹೆಡ್ಡಾಫೀಸಿನವರಿದ್ದರೂ ಅದನ್ನೇ ಮಾಡುತ್ತಿದ್ದರು.

1775ರಲ್ಲಿ ಪಾರ್ಲಿಮೆಂಟು ಪೇಟೆಂಟನ್ನು 1800ರವರೆಗೆ ವಿಸ್ತರಿಸಿತು. ಆಮೇಲೆ ಬೌಲ್ಟನ್ ಮತ್ತು ವಾಟ್ ವ್ಯಾಪಾರಕ್ಕೆ ಹೊರಟಿದ್ದು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ಗೆ. ಅಲ್ಲಿ ತಾಮ್ರದ ಗಣಿ, ತವರದ ಗಣಿ. ಆಳಕ್ಕೆ ಹೋದಷ್ಟೂ ನೀರು. ಕಲ್ಲಿದ್ದಲು ಮಾತ್ರ ಅಲ್ಲಿ ಸಿಗುವುದಿಲ್ಲ, ವೇಲ್ಸ್‌ನಿಂದ ಹಡಗಿನಲ್ಲಿ ಬರಬೇಕು, ದುಬಾರಿ. ಉಳಿತಾಯ ಮಾರಲು ಇದಕ್ಕಿಂತ ಒಳ್ಳೆಯ ಊರಿಲ್ಲ! ಒಪ್ಪಂದ ಹೀಗಿತ್ತು. ಯಂತ್ರದ ಭಾಗಗಳ ಖರ್ಚು, ಕಟ್ಟುವ ಖರ್ಚು ಗಣಿಯವರದು. ಕಂಪನಿ ನಕ್ಷೆ ಕೊಡುತ್ತದೆ, ಕೆಲವು ಮುಖ್ಯ ಭಾಗ ಕೊಡುತ್ತದೆ, ನಿಂತು ಕಟ್ಟಿಸುತ್ತದೆ. ಹಳೆಯ ಯಂತ್ರ ಅಷ್ಟೇ ನೀರೆತ್ತಲು ಎಷ್ಟು ಕಲ್ಲಿದ್ದಲು ಸುಡುತ್ತಿತ್ತೋ ಅದರಲ್ಲಿ ಉಳಿದದ್ದರ ಮೂರನೇ ಒಂದು ಪಾಲಿನ ಹಣ ಪೇಟೆಂಟು ಮುಗಿಯುವವರೆಗೆ ಕಂಪನಿಗೆ.

ಸರಿ, ಹಳೆಯ ಯಂತ್ರವನ್ನು ಕಿತ್ತು ಹಾಕಿದ ಮೇಲೆ ಅದು "ಎಷ್ಟು ಸುಡುತ್ತಿತ್ತು" ಅಂತ ಹೇಳುವವರು ಯಾರು? ಅದಕ್ಕಾಗಿ ಹಳೆಯ ಮಾದರಿಯ ಯಂತ್ರವನ್ನು ಓಡಿಸಿ ಅಳೆದು ಒಂದು ಒಪ್ಪಿತ ಲೆಕ್ಕ ಮಾಡಿಕೊಂಡರು. ಹೊಸ ಯಂತ್ರ ಎಷ್ಟು ಸಲ ಬಡಿಯಿತು ಅಂತ ಎಣಿಸಲು ತೊಲೆಯ ಮೇಲೆ ಒಂದು ಪುಟ್ಟ ಎಣಿಕೆಯ ಪೆಟ್ಟಿಗೆ ಕೂರಿಸಿದರು. ಅದಕ್ಕೆ ಬೀಗ. ಕೀಲಿ ಕಂಪನಿಯವರ ಹತ್ತಿರ. ಈಗಿನವರು ಬೇಸ್‌ಲೈನ್, ಮೀಟರಿಂಗ್ ಅಂತ ಐವತ್ತು ಪುಟದ ಕರಾರು ಬರೆಯುತ್ತಾರಲ್ಲ, ಅದರ ಮೂಲ ಈ ಬೀಗದ ಪೆಟ್ಟಿಗೆಯಲ್ಲಿದೆ.

ಇನ್ನೊಂದು ತಮಾಷೆ ಕೇಳಿ. 1780ರ ದಶಕದಲ್ಲಿ ವಾಟ್ ಚಕ್ರ ತಿರುಗಿಸುವ ಯಂತ್ರ ಮಾಡಿದ. ಅದನ್ನು ಕೊಂಡ ಅನೇಕ ಗಿರಣಿಗಳಲ್ಲಿ ಮೊದಲು ಉಗಿಯಂತ್ರವೇ ಇರಲಿಲ್ಲ, ಗಾಣಕ್ಕೆ ಕಟ್ಟಿದ ಕುದುರೆಗಳಿದ್ದವು. ಯಾವ ಕಲ್ಲಿದ್ದಲು ಉಳಿಯಿತು ಅಂತ ಲೆಕ್ಕ ಹಾಕುವುದು? ಆಗ ಒಂದು ಕುದುರೆ ನಿಮಿಷಕ್ಕೆ ಎಷ್ಟು ಕೆಲಸ ಮಾಡುತ್ತದೆ ಅಂತ ಅಂಕಿ ಕಟ್ಟಿ, ಯಂತ್ರಕ್ಕೆ ಇಷ್ಟು ಕುದುರೆ ಬಲ ಅಂತ ಹೇಳಿ, ಕುದುರೆಯೊಂದಕ್ಕೆ ವರ್ಷಕ್ಕೆ 5 ಪೌಂಡು (ಲಂಡನ್ನಿನಲ್ಲಿ 6) ಅಂತ ದರ ಇಟ್ಟರು. ನಮ್ಮ ತೋಟದ ಪಂಪಿನ ಮೇಲೆ ಬರೆದಿರುವ ಹೆಚ್.ಪಿ. ಹೀಗೆ ಬಾಡಿಗೆ ವಸೂಲಿಯ ದರಪಟ್ಟಿಯಿಂದ ಗಟ್ಟಿಯಾದದ್ದು.

ಕಾರ್ನ್‌ವಾಲ್‌ನಲ್ಲಿ ಮೊದಲು ಸಂಭ್ರಮ. ಅರ್ಧಕ್ಕಿಂತ ಹೆಚ್ಚು ಕಲ್ಲಿದ್ದಲು ಉಳಿಯಿತು, ಕೆಲವೇ ವರ್ಷಗಳಲ್ಲಿ ಹಳೆಯ ಯಂತ್ರಗಳು ಬಹುತೇಕ ಮಾಯವಾದವು. ಆಮೇಲೆ ತಗಾದೆ. ವರ್ಷ ಕಳೆದಂತೆ ಹಳೆಯ ಯಂತ್ರದ ನೆನಪು ಮಾಸಿತು, ತಿಂಗಳು ತಿಂಗಳು ಕೊಡುವ ಹಣ ಮಾತ್ರ ಕಣ್ಣಿಗೆ ಕುಕ್ಕಿತು. ಅದೇ ಸಮಯಕ್ಕೆ ವೇಲ್ಸ್‌ನ ಆಂಗಲ್ಸಿ ದ್ವೀಪದ ಪ್ಯಾರಿಸ್ ಬೆಟ್ಟದಿಂದ ಅಗ್ಗದ ತಾಮ್ರ ಬಂದು ಬೆಲೆ ಕುಸಿಯಿತು. ಗಣಿ ನಷ್ಟದಲ್ಲಿದ್ದರೂ ಉಳಿತಾಯದ ಪಾಲು ಕೊಡಲೇಬೇಕು! ಕಲ್ಲಿದ್ದಲು ಉಳಿದದ್ದು ನಿಜ, ಗಣಿಯವನ ಜೇಬಿನಲ್ಲಿ ಕಾಸಿಲ್ಲದ್ದೂ ನಿಜ. ಗಿರಾಕಿ ಮುಳುಗಿದರೆ ತಮ್ಮ ಪಾಲೂ ಮುಳುಗುತ್ತದೆಂದು ಬೌಲ್ಟನ್ ಮತ್ತು ವಾಟ್ ಕೆಲವು ಗಣಿಗಳಲ್ಲಿ ತಾವೇ ಷೇರು ಕೊಂಡರು. ಕಡೆಗೆ ಹಲವರು ಹಣ ಕೊಡುವುದನ್ನೇ ನಿಲ್ಲಿಸಿದರು, ಪೈಪೋಟಿಯ ಯಂತ್ರ ಹಾಕಿಸಿದರು. ಎಡ್ವರ್ಡ್ ಬುಲ್, ಹಾರ್ನ್‌ಬ್ಲೋವರ್ ಇವರ ಮೇಲೆ ಕೋರ್ಟು ಕೇಸು ನಡೆದು 1799ರಲ್ಲಿ ವಾಟ್ ಕಡೆಗೆ ತೀರ್ಪು ಬಂದು ಬಾಕಿ ವಸೂಲಾಯಿತು. ಮರುವರ್ಷವೇ ಪೇಟೆಂಟು ಮುಗಿಯಿತು!

ನನಗೆ ಹೆಚ್ಚು ಇಷ್ಟವಾದದ್ದು ಆಮೇಲಿನ ಕತೆ. 1811ರಲ್ಲಿ ಜೋಯಲ್ ಲೀನ್ ಎಂಬ ಗಣಿಯ ಮೇಲ್ವಿಚಾರಕ ಒಂದು ತಿಂಗಳ ಪತ್ರಿಕೆ ಶುರುಮಾಡಿದ. ಅದರಲ್ಲಿ ಕತೆ ಕವನ ಇಲ್ಲ. ಯಾವ ಗಣಿಯ ಯಾವ ಯಂತ್ರ ಒಂದು ಅಳತೆ ಕಲ್ಲಿದ್ದಲಿಗೆ ಎಷ್ಟು ನೀರೆತ್ತಿತು ಅನ್ನುವ ಪಟ್ಟಿ, ಇಂಜಿನಿಯರನ ಹೆಸರಿನ ಸಮೇತ. ಅಷ್ಟೇ. ಯಾರದು ಮುಂದೆ, ಯಾರದು ಹಿಂದೆ ಅಂತ ಊರಿಗೆಲ್ಲ ಗೊತ್ತಾಗತೊಡಗಿತು. ಮೂವತ್ತು ವರ್ಷದಲ್ಲಿ ಅಲ್ಲಿನ ಯಂತ್ರಗಳ ಸರಾಸರಿ ದಕ್ಷತೆ ಸುಮಾರು ಮೂರು ಪಟ್ಟಾಯಿತು. ಬೀಗ ಹಾಕಿದ ಪೆಟ್ಟಿಗೆಯಿಂದ ಆದದ್ದು ಒಂದು ತೂಕವಾದರೆ ತೆರೆದಿಟ್ಟ ಪಟ್ಟಿಯಿಂದ ಆದದ್ದು ಇನ್ನೊಂದು ತೂಕ. (ಅಂದಹಾಗೆ ಈ ಕಾರ್ನ್‌ವಾಲ್ ನಮಗೆ ತೀರ ಪರಕೀಯವಲ್ಲ. ಅಲ್ಲಿನ ಗಣಿಗಳು ಸೊರಗಿದ ಮೇಲೆ ಅಲ್ಲಿನ ಗಣಿಗಾರರು ದೇಶಾಂತರ ಹೋದರು, ಹಲವರು ನಮ್ಮ ಕೋಲಾರದ ಚಿನ್ನದ ಗಣಿಗೂ ಬಂದರು. ಆ ಗಣಿಗಳಿಗೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹೋಯಿತು.)

ಗಣಿಯಿಂದ ಈಗ ಕಟ್ಟಡಕ್ಕೆ ಬರೋಣ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಾರನ್ ಜಾನ್ಸನ್ ಅಂತ ಒಬ್ಬ ಮೇಷ್ಟ್ರು. ಚಳಿಗಾಲದಲ್ಲಿ ಶಾಲೆಯ ಜವಾನ ಪ್ರತಿ ಕ್ಲಾಸಿಗೂ ಬಂದು ಕೋಣೆ ಎಷ್ಟು ಬೆಚ್ಚಗಿದೆ ಅಂತ ನೋಡಿ ಹೋಗಬೇಕಿತ್ತು, ಪಾಠಕ್ಕೆ ಭಂಗ. ಮೇಷ್ಟ್ರು 1883ರಲ್ಲಿ ಕೋಣೆಯಿಂದಲೇ ಬಾಯ್ಲರಿನವನಿಗೆ ಸೂಚನೆ ಹೋಗುವ ವಿದ್ಯುತ್ ಸಾಧನಕ್ಕೆ ಪೇಟೆಂಟ್ ಪಡೆದರು. 1885ರಲ್ಲಿ ಕಂಪನಿ ಕಟ್ಟಿದರು. ಅದೇ ಮುಂದೆ ಜಾನ್ಸನ್ ಕಂಟ್ರೋಲ್ಸ್ ಆಯಿತು. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಎರಡನೇ ಮಹಾಯುದ್ಧದ ನಂತರ ಎಣ್ಣೆ ಅಗ್ಗವಾಗಿತ್ತು. ಗಾಜಿನ ಗೋಪುರ ಕಟ್ಟು, ಕಿಟಕಿ ಮುಚ್ಚು, ಒಳಗೆ ಎ.ಸಿ. ಹಾಕು ಅನ್ನುವ ಕಾಲ. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು, 1979ರಲ್ಲಿ ಇರಾನಿನ ಕ್ರಾಂತಿ. ಬಿಲ್ಲು ನೋಡಿ ಎಲ್ಲರಿಗೂ ಬೆವರು. ಆಗ ಶೆಲ್ ಕಂಪನಿಯ ಒಂದು ಅಂಗಸಂಸ್ಥೆ, ಸ್ಕ್ಯಾಲಪ್ ಥರ್ಮಲ್ ಅಂತ ಹೆಸರು, ಅಮೆರಿಕದ ಕಟ್ಟಡಗಳ ಮಾಲೀಕರಿಗೆ ಹೇಳಿತು: "ಹೋದ ವರ್ಷದ ಬಿಲ್ಲಿಗಿಂತ ಶೇ. 10 ಕಡಿಮೆ ಕೊಡಿ, ಉಳಿದದ್ದು ನಮಗೆ ಬಿಡಿ." ವಾಟ್‌ನ ಮೂರನೇ ಒಂದು ಪಾಲು ಇನ್ನೂರು ವರ್ಷದ ಮೇಲೆ ಹೊಸ ವೇಷದಲ್ಲಿ ಬಂದಿತ್ತು. ಅದನ್ನು ನೋಡಿ ಹತ್ತಾರು ಕಂಪನಿಗಳು ಹುಟ್ಟಿಕೊಂಡವು. ಎಣ್ಣೆಯ ಬೆಲೆ ಏರುತ್ತಲೇ ಹೋಗುತ್ತದೆ ಅನ್ನುವ ನಂಬಿಕೆಯ ಮೇಲೆ ಎಲ್ಲರ ಲೆಕ್ಕವೂ ನಿಂತಿತ್ತು.

1985ರ ಕೊನೆಗೆ ಪೀಪಾಯಿಗೆ 30 ಡಾಲರಿನ ಆಸುಪಾಸಿದ್ದ ಎಣ್ಣೆ 1986ರ ಮಧ್ಯಕ್ಕೆ 10ರ ಆಸುಪಾಸಿಗೆ ಬಿತ್ತು. ಯಂತ್ರಗಳು ಮೊದಲಿನಷ್ಟೇ ಚೆನ್ನಾಗಿ ಓಡುತ್ತಿದ್ದವು, ಮೊದಲಿನಷ್ಟೇ ಎಣ್ಣೆ ಉಳಿಸುತ್ತಿದ್ದವು. ಆದರೆ ಉಳಿಸಿದ್ದಕ್ಕೆ ಬೆಲೆ ಇಲ್ಲ! ಬ್ಯಾಂಕಿನ ಕಂತು ಎಣ್ಣೆಯ ಜೊತೆ ಇಳಿಯುವುದಿಲ್ಲವಲ್ಲ. ಪಾಲು ಹಂಚಿಕೊಳ್ಳುವ ಪದ್ಧತಿಯವರು ಸಾಲುಸಾಲಾಗಿ ಮುಗ್ಗರಿಸಿದರು. ಆಗ ಬಂದದ್ದು ಖಾತರಿ ಪದ್ಧತಿ. ಸಾಲವನ್ನು ಕಟ್ಟಡದ ಮಾಲೀಕನೇ ತನ್ನ ಹೆಸರಿನಲ್ಲಿ ತೆಗೆದುಕೊಳ್ಳುತ್ತಾನೆ. ಇಷ್ಟು ಯೂನಿಟ್ಟು ಉಳಿದೇ ಉಳಿಯುತ್ತದೆ, ಕಡಿಮೆ ಬಿದ್ದರೆ ನಾನು ತುಂಬಿಕೊಡುತ್ತೇನೆ ಅಂತ ಎಸ್ಕೋ ಬರೆದುಕೊಡುತ್ತದೆ. ಕೆಲಸದ ಅಪಾಯ ಕೆಲಸ ಬಲ್ಲವನಿಗೆ, ಸಾಲದ ಅಪಾಯ ಆಸ್ತಿ ಇರುವವನಿಗೆ. ಬ್ಯಾಂಕಿನವನ ಕಣ್ಣಿಗೆ ಇದು ಬಹಳ ಸರಿಯಾದ ಹಂಚಿಕೆ. ಅದೇ 1986ರಲ್ಲಿ ಅಮೆರಿಕದ ಸರಕಾರಿ ಇಲಾಖೆಗಳಿಗೂ ಉಳಿತಾಯದಿಂದ ಹಣ ಕೊಡುವ ಬಹುವರ್ಷದ ಒಪ್ಪಂದಕ್ಕೆ ಕಾನೂನಿನಲ್ಲಿ ದಾರಿಯಾಯಿತು. 1996-97ರಲ್ಲಿ ಉಳಿತಾಯ ಅಳೆಯುವ ವಿಧಾನಕ್ಕೆ ಎಲ್ಲರೂ ಒಪ್ಪುವ ಒಂದು ಕೈಪಿಡಿಯೂ ಬಂತು.

ಇದು ಎಷ್ಟು ದೂರ ಹೋಯಿತು ಅನ್ನುವುದಕ್ಕೆ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಬಿಲ್ಡಿಂಗ್ ನೋಡಬೇಕು. 1931ರ ಕಟ್ಟಡ. 2009ರಲ್ಲಿ ದುರಸ್ತಿ ಯೋಜನೆ ಪ್ರಕಟವಾದಾಗ ಹೇಳಿದ್ದು, ಶೇ. 38 ಇಂಧನ ಉಳಿತಾಯ, ವರ್ಷಕ್ಕೆ 44 ಲಕ್ಷ ಡಾಲರ್. ಅದರ 6,514 ಕಿಟಕಿಗಳನ್ನು ಬಿಸಾಡದೆ ಬಿಚ್ಚಿ, ಅದೇ ಕಟ್ಟಡದ ಒಂದು ಮಹಡಿಯಲ್ಲೇ ಕಾರ್ಖಾನೆ ಮಾಡಿಕೊಂಡು, ಗಾಜುಗಳ ನಡುವೆ ಫಿಲ್ಮು ಮತ್ತು ಅನಿಲ ತುಂಬಿ ಮತ್ತೆ ಕೂರಿಸಿದರು. ಕಿಟಕಿಯಿಂದ ಬರುವ ಶಾಖ ಕಡಿಮೆಯಾದ್ದರಿಂದ ಹೊಸ ದೊಡ್ಡ ಚಿಲ್ಲರ್ ಕೊಳ್ಳಬೇಕಾಗಲಿಲ್ಲ, ಇದ್ದದ್ದನ್ನೇ ಸರಿಮಾಡಿದರೆ ಸಾಕಾಯಿತು. ಅದರಲ್ಲೇ 1 ಕೋಟಿ 70 ಲಕ್ಷ ಡಾಲರಿಗೂ ಹೆಚ್ಚು ಬಂಡವಾಳ ಉಳಿಯಿತು. ಖಾತರಿ ಬರೆದುಕೊಟ್ಟವರು ಆ ಮೇಷ್ಟ್ರು ಕಟ್ಟಿದ ಜಾನ್ಸನ್ ಕಂಟ್ರೋಲ್ಸ್. 2012ರಲ್ಲಿ ಮೊದಲ ವರ್ಷದ ಲೆಕ್ಕ ಹೊರಬಂದಾಗ ಉಳಿತಾಯ 24 ಲಕ್ಷ ಡಾಲರ್, ಖಾತರಿಗಿಂತ ಶೇ. 5 ಹೆಚ್ಚು. ಇದೆಲ್ಲ ಸಾಧ್ಯವಾದದ್ದು ಖಾತರಿ ಕೊಟ್ಟವನಿಗೆ ನೂರಾರು ಕೋಟಿ ಡಾಲರಿನ ವಹಿವಾಟು ಇದ್ದದ್ದರಿಂದ. ಮಾತು ತಪ್ಪಿದರೆ ತುಂಬಿಕೊಡುವ ತಾಕತ್ತು ಅವನಿಗಿತ್ತು.

ನಮ್ಮ ದೇಶದಲ್ಲಿ ಎಡವಿದ್ದೂ ಇಲ್ಲೇ. 2001ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ಬಂತು, 2002ರ ಮಾರ್ಚ್ 1ರಂದು ಅದರಡಿ ಬಿ.ಇ.ಇ. ಶುರುವಾಯಿತು (ಫ್ರಿಜ್ಜಿನ ಮೇಲೆ ನಕ್ಷತ್ರ ಅಂಟಿಸುವವರು ಇವರೇ). ರಾಷ್ಟ್ರಪತಿ ಭವನ, ಪ್ರಧಾನಮಂತ್ರಿ ಕಚೇರಿ, ಏಮ್ಸ್ ಆಸ್ಪತ್ರೆ ಹೀಗೆ ದೆಹಲಿಯ ದೊಡ್ಡ ಕಟ್ಟಡಗಳಿಂದಲೇ ಇಂಧನ ತಪಾಸಣೆ ಆರಂಭಿಸಿದರು. ಕಾಲುಭಾಗದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು ಉಳಿಸಬಹುದು ಅಂತ ವರದಿ ಬಂತು. ಆದರೆ ಸರಕಾರಿ ಕಟ್ಟಡದಲ್ಲಿ ಬಿಲ್ಲಿನ ಹಣ ಒಂದು ಲೆಕ್ಕಶೀರ್ಷಿಕೆ, ಯಂತ್ರದ ಹಣ ಇನ್ನೊಂದು. ಈ ವರ್ಷ ಉಳಿಸಿದರೆ ಮುಂದಿನ ವರ್ಷದ ಬಜೆಟ್ಟಿನಲ್ಲಿ ಅಷ್ಟು ಕತ್ತರಿ. ಉಳಿಸಿದ ಅಧಿಕಾರಿಗೆ ಸಿಗುವುದು ಆಡಿಟ್ ಆಕ್ಷೇಪಣೆ. ಯಾರಿಗೆ ಬೇಕಾಗಿದೆ ಹೇಳಿ!

ಬ್ಯಾಂಕುಗಳೂ ಸುಮ್ಮನಿರಲಿಲ್ಲ. ವಿಶ್ವಬ್ಯಾಂಕು ಮತ್ತು ವಿಶ್ವಸಂಸ್ಥೆಯ ಪರಿಸರ ವಿಭಾಗ ಸೇರಿ ಭಾರತ, ಚೀನಾ, ಬ್ರೆಜಿಲ್‌ಗಳಲ್ಲಿ ನಡೆಸಿದ ಯೋಜನೆಯ ಕಾಲದಲ್ಲಿ, ಅಂದರೆ 2000ದ ದಶಕದ ಮೊದಲರ್ಧದಲ್ಲಿ, ಸ್ಟೇಟ್ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾ, ಬ್ಯಾಂಕ್ ಆಫ್ ಇಂಡಿಯಾ, ಯೂನಿಯನ್ ಬ್ಯಾಂಕ್ ಮತ್ತು ನಮ್ಮ ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಈ ಐದೂ ಇಂಧನ ಉಳಿತಾಯಕ್ಕೆಂದೇ ಸಾಲದ ಯೋಜನೆ ತಂದವು. ಸಣ್ಣ ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಆ ಕಾಲದಲ್ಲಿ ನಮಗೂ ಟ್ರೈನಿಂಗ್ ಆಯಿತು, ಸ್ಲೈಡು ತೋರಿಸಿದರು, ಊಟ ಚೆನ್ನಾಗಿತ್ತು. ಆದರೆ ಎಸ್ಕೋ ಅಂತ ನಮ್ಮಲ್ಲಿ ಬಂದವರು ಬಹುಪಾಲು ಇಬ್ಬರು ಮೂವರು ಇಂಜಿನಿಯರುಗಳ ಪುಟ್ಟ ಕಂಪನಿಗಳು. ತಲೆ ಇತ್ತು, ಬ್ಯಾಲೆನ್ಸ್ ಶೀಟು ಇರಲಿಲ್ಲ. ಅವರ ಖಾತರಿ ಪತ್ರಕ್ಕೆ ಬೆಂಬಲವಾಗಿ ಏನೂ ಇಲ್ಲ. ಹಾಕಿದ ಪಂಪು, ಪೈಪು ಕಿತ್ತು ಮಾರಿದರೆ ಗುಜರಿಯ ಬೆಲೆ.

ನಾನು ಹತ್ತಿರದಿಂದ ನೋಡಿದ ಒಂದು ಫೈಲಿನ ಕತೆ ಹೇಳುತ್ತೇನೆ, ಹೆಸರುಗಳು ಬೇಡ. 2008ರ ಸುಮಾರು. ಮುಂಬಯಿ ಉಪನಗರದ ಒಂದು ಹೋಟೆಲು, ಚಿಲ್ಲರ್ ಬದಲಾಯಿಸುವ ಐದು ವರ್ಷದ ಕರಾರು. ಕಂಪನಿಯ ಇಬ್ಬರಲ್ಲಿ ಒಬ್ಬರು ಧಾರವಾಡದ ಕಡೆಯವರು. ಅವರ ತಂದೆಯ ಠಾಣೆಯ ಫ್ಲ್ಯಾಟಿನ ಕಾಗದ ಇಟ್ಟುಕೊಂಡ ಮೇಲೆಯೇ ಬ್ಯಾಂಕು ಸಾಲ ಮಂಜೂರು ಮಾಡಿದ್ದು. ಮೊದಲ ವರ್ಷ ಹೇಳಿದ್ದಕ್ಕಿಂತ ಚೆನ್ನಾಗಿಯೇ ಉಳಿಯಿತು. ಎರಡನೇ ವರ್ಷ ಹೋಟೆಲಿನವರು ಮೇಲೆ ಒಂದು ಮದುವೆ ಹಾಲ್ ಕಟ್ಟಿಸಿದರು. ಬಿಲ್ಲು ಏರಿತು. ಏರಿದ ಬಿಲ್ಲು ಮುಂದಿಟ್ಟು ಅಕೌಂಟೆಂಟು "ಉಳಿತಾಯ ಎಲ್ಲಿದೆ ತೋರಿಸಿ" ಅಂದ, ಹಣ ನಿಂತಿತು. ಎಷ್ಟು ರೂಮು ತುಂಬಿದೆ ಅನ್ನುವುದರ ಮೇಲೆ ಲೆಕ್ಕ ಹೊಂದಿಸುವ ಮಾತು ಕರಾರಿನಲ್ಲಿತ್ತು, ಕಟ್ಟಡವೇ ಬೆಳೆದರೆ ಏನು ಅನ್ನುವುದು ಇರಲಿಲ್ಲ. "ಸರ, ಬಿಲ್ ಯಾಕ ಏರ್ಯದ ಅನ್ನೋದು ಆ ಹಾಲಿನ್ಯಾಗಿನ ದೀಪ ನೋಡಿದ್ರ ಯಾರಿಗೂ ತಿಳೀತದ. ಆದ್ರ ಕಾಗದದಾಗ ಬರದಿಲ್ಲ ನೋಡ್ರಿ" ಅಂದರು ಅವರು ನನ್ನೆದುರು ಕೂತು. ಪಂಚಾಯ್ತಿಗೆ ಎರಡು ವರ್ಷ ಹಿಡಿಯಿತು, ಸಿಕ್ಕಿದ್ದು ಸುಮಾರು ಅರ್ಧ. ಕಂತನ್ನು ಮಾತ್ರ ಅವರು ಒಂದು ತಿಂಗಳೂ ತಪ್ಪಿಸಲಿಲ್ಲ, ಕೈಯಿಂದ ಹಾಕಿ ಕಟ್ಟಿದರು. ತಂದೆಯ ಫ್ಲ್ಯಾಟು ಇತ್ತಲ್ಲ. ಬ್ಯಾಂಕಿನ ಪುಸ್ತಕದಲ್ಲಿ ಅದು ಇವತ್ತಿಗೂ ಒಳ್ಳೆಯ ಸಾಲ.

ಇಂಥ ಫೈಲುಗಳನ್ನು ನೋಡಿಯೋ ಏನೋ, ಸರಕಾರ ತಾನೇ ಕಣಕ್ಕಿಳಿಯಿತು. 2009ರಲ್ಲಿ ಎನ್.ಟಿ.ಪಿ.ಸಿ. ಮೊದಲಾದ ನಾಲ್ಕು ಸಾರ್ವಜನಿಕ ಸಂಸ್ಥೆಗಳು ಸೇರಿ ಇ.ಇ.ಎಸ್.ಎಲ್. ಎಂಬ ಎಸ್ಕೋ ಕಟ್ಟಿದವು. 2015ರ ಉಜಾಲಾ ಯೋಜನೆಯ ಎಲ್.ಇ.ಡಿ. ಬಲ್ಬು ನಿಮ್ಮ ಮನೆಯಲ್ಲೂ ಇದ್ದೀತು. ಒಟ್ಟಿಗೆ ಕೊಂಡು ಕೊಂಡು, 2014ರಲ್ಲಿ 310 ರೂಪಾಯಿ ಇದ್ದ ಖರೀದಿ ಬೆಲೆಯನ್ನು 2016ಕ್ಕೆ 38 ರೂಪಾಯಿಗೆ ಇಳಿಸಿದರು. ಹಲವು ರಾಜ್ಯಗಳಲ್ಲಿ 10 ರೂಪಾಯಿ ಮುಂಗಡ, ಉಳಿದದ್ದು ಕರೆಂಟು ಬಿಲ್ಲಿನಲ್ಲಿ ಕಂತು. ಇದು ಗೆದ್ದದ್ದು ಯಾಕೆ ಅಂದರೆ ಅಲ್ಲಿ ತಗಾದೆಗೆ ಜಾಗವಿಲ್ಲ, ಬಲ್ಬಿಗೆ ಇಷ್ಟು ಉಳಿತಾಯ ಅಂತ ಒಪ್ಪಿಕೊಂಡು ಮುಂದೆ ಹೋದರು. ಬೀದಿದೀಪಕ್ಕೆ ಹೋದಾಗ ನಗರಸಭೆಗಳಿಂದ ದೊಡ್ಡ ಮೊತ್ತದ ಬಾಕಿ ನಿಂತಿತು. ಆಫೀಸು ಕಟ್ಟಡ, ಆಸ್ಪತ್ರೆ ಇನ್ನೂ ಜಟಿಲ, ಒಂದರಂತೆ ಒಂದಿಲ್ಲ. 2015ರಲ್ಲಿ ಸಿಡ್ಬಿ ಮೂಲಕ ವಿಶ್ವಬ್ಯಾಂಕಿನ ನೆರವಿನಿಂದ ಒಂದು ಜಾಮೀನು ನಿಧಿ ಶುರುವಾಯಿತು, ಎಸ್ಕೋ ಸಾಲ ಮುಳುಗಿದರೆ ಶೇ. 75ರವರೆಗೆ ನಿಧಿ ಭರಿಸುವ ಏರ್ಪಾಡು. ವಾಟ್‌ನ ಕಾಲಕ್ಕೆ ಇದಿದ್ದರೆ ರೋಬಕ್‌ನ ಸಾಲಗಾರರು ಇನ್ನೊಮ್ಮೆ ಯೋಚಿಸುತ್ತಿದ್ದರೇನೋ.

ಮುಂಬಯಿಯಂಥ ಊರಿನಲ್ಲಿ ಇನ್ನೂ ಒಂದು ತೊಡಕು. ಚಿಲ್ಲರ್ ಮಾಲೀಕನದು, ಬಿಲ್ಲು ಬಾಡಿಗೆದಾರನದು. ಮಾಲೀಕ ಯಾಕೆ ಹಣ ಹಾಕುತ್ತಾನೆ? ತಾನೇ ಮಾಲೀಕ, ತಾನೇ ಬಳಸುವವ ಆದಲ್ಲಿ ಸುಲಭ. ಫೋರ್ಟಿನ ಗೋದ್ರೆಜ್ ಭವನ 1972ರ ಕಟ್ಟಡ, 2010ರಲ್ಲಿ ಅದನ್ನು ಸುಧಾರಿಸಿದಾಗ ಹಾಕಿದ ಹಣ ಸುಮಾರು ಐದು ವರ್ಷದಲ್ಲಿ ವಾಪಸು ಬರುವ ಲೆಕ್ಕವಿತ್ತು. ಉಳಿದೆಡೆ ಏನು ಮಾಡುವುದು? ಮೆಲ್ಬರ್ನ್ ನಗರ 2010ರಲ್ಲಿ ಒಂದು ಉಪಾಯ ಮಾಡಿತು. ಕಟ್ಟಡ ಸುಧಾರಣೆಯ ಸಾಲದ ಕಂತನ್ನು ನಗರಪಾಲಿಕೆ ತನ್ನ ಆಸ್ತಿ ತೆರಿಗೆಯ ಜೊತೆಗೇ ವಸೂಲು ಮಾಡಿ ಬ್ಯಾಂಕಿಗೆ ಕೊಡುತ್ತದೆ. ಪಾಲಿಕೆಯ ಬಾಕಿ ಅಂದರೆ ಮೊದಲ ಹಕ್ಕು, ಬ್ಯಾಂಕಿನವನಿಗೆ ಇದಕ್ಕಿಂತ ಹಿತವಾದ ಮಾತಿಲ್ಲ. ಅದೇ ವರ್ಷ ಆಸ್ಟ್ರೇಲಿಯಾ ಸರಕಾರ 2,000 ಚದರ ಮೀಟರಿಗೆ ಮೇಲ್ಪಟ್ಟ ಆಫೀಸು ಜಾಗ ಮಾರುವಾಗ, ಬಾಡಿಗೆಗೆ ಕೊಡುವಾಗ ಅದರ ಇಂಧನ ದರ್ಜೆಯನ್ನು ಜಾಹೀರು ಮಾಡಲೇಬೇಕು ಅಂತ ಕಾನೂನು ತಂದಿತು, 2017ರಲ್ಲಿ ಮಿತಿಯನ್ನು 1,000ಕ್ಕೆ ಇಳಿಸಿತು. ಜೋಯಲ್ ಲೀನ್‌ನ ಪಟ್ಟಿಯೇ ಸರಿ! ನಮ್ಮ ಬಿ.ಇ.ಇ. ಕೂಡ 2009ರಿಂದ ಆಫೀಸು ಕಟ್ಟಡಗಳಿಗೆ ಚದರ ಮೀಟರಿಗೆ ಎಷ್ಟು ಯೂನಿಟ್ಟು ಅಂತ ನೋಡಿ ನಕ್ಷತ್ರ ಕೊಡುತ್ತದೆ. ಆದರೆ ಅದು ಬೇಕೆಂದವರು ಕೇಳಿ ಪಡೆಯುವ ನಕ್ಷತ್ರವಾಗಿ ಶುರುವಾದದ್ದು. ಕೆಟ್ಟ ಕಟ್ಟಡದವನು ಯಾಕೆ ಕೇಳಲು ಹೋಗುತ್ತಾನೆ?

ಧಾರವಾಡದ ಆ ಇಂಜಿನಿಯರ್ ಈಗ ಎಸ್ಕೋ ಬಿಟ್ಟು ಮಾಡಿನ ಮೇಲೆ ಸೋಲಾರ್ ಹಾಕಿಸುವ ಕೆಲಸ ಮಾಡುತ್ತಿದ್ದಾರೆ. ಅದಕ್ಕೆ ಬ್ಯಾಂಕಿನವರು ಕರೆದು ಸಾಲ ಕೊಡುತ್ತಾರೆ. ಫಲಕ ಕಣ್ಣಿಗೆ ಕಾಣುತ್ತದೆ, ಎಷ್ಟು ಯೂನಿಟ್ಟು ಹುಟ್ಟಿತು ಅಂತ ಮೀಟರು ತೋರಿಸುತ್ತದೆ. ಕೆಳಗಿನ ಮಹಡಿಗಳಲ್ಲಿ ಹಳೆಯ ಚಿಲ್ಲರ್ ಹಾಗೇ ಓಡುತ್ತಿರುತ್ತದೆ.